ಊದಿ ಆರಿಸಬಾರದ ದೀಪ: ಗೇಲ್ಸ್‌ಬರ್ಗ್‌ನಲ್ಲಿ ಮೂರು ದಿನ

ಮಗಳ ಮನೆಗೆ ಬಂದು ಎರಡು ತಿಂಗಳಾಗಿತ್ತು. ಷಿಕಾಗೊ ಆಯ್ತು, ನಯಾಗರ ಆಯ್ತು. "ಇನ್ನೆಲ್ಲಿಗೆ ಹೋಗೋಣ ಅಮ್ಮಾ?" ಎಂದು ಅವಳು ಕೇಳಿದಾಗ ನಾನು ಗೇಲ್ಸ್‌ಬರ್ಗ್ ಎಂದೆ. "ಅಲ್ಲೇನಿದೆ? ಸುತ್ತ ಮೆಕ್ಕೆಜೋಳದ ಹೊಲ ಅಷ್ಟೇ" ಎಂದಳು. ಇಲಿನಾಯ್ ರಾಜ್ಯದ ಪಶ್ಚಿಮ ಭಾಗದಲ್ಲಿ, ಮೂವತ್ತು ಸಾವಿರ ಜನ ಇರುವ ಸಣ್ಣ ಊರು ಅದು.

ನಾನು ಸಾಗರದಲ್ಲಿ ಇಪ್ಪತ್ತೆಂಟು ವರ್ಷ ಹೈಸ್ಕೂಲಿನ ಮಕ್ಕಳಿಗೆ ಸಮಾಜ ವಿಜ್ಞಾನ ಹೇಳಿಕೊಟ್ಟವಳು. ಅಮೆರಿಕದ ಅಂತರ್ಯುದ್ಧಕ್ಕೆ ನಮ್ಮ ಪುಸ್ತಕದಲ್ಲಿ ಸಿಗುತ್ತಿದ್ದದ್ದು ಅರ್ಧ ಪುಟ. ಆ ಅರ್ಧ ಪುಟ ಬಂದಾಗ ಮಾತ್ರ ನಾನು ಇಡೀ ಪೀರಿಯಡ್ ಲಿಂಕನ್ ಕಥೆ ಹೇಳುತ್ತಿದ್ದೆ. 1858ರಲ್ಲಿ ಸೆನೆಟ್ ಸ್ಥಾನಕ್ಕಾಗಿ ಲಿಂಕನ್ ಮತ್ತು ಸ್ಟೀಫನ್ ಡಗ್ಲಸ್ ಏಳು ಊರುಗಳಲ್ಲಿ ಎದುರುಬದುರು ನಿಂತು ವಾದ ಮಾಡಿದರು. ಐದನೆಯ ವಾದ ನಡೆದದ್ದು ಗೇಲ್ಸ್‌ಬರ್ಗ್‌ನಲ್ಲಿ. ಅಂದು ಅವರ ಬೆನ್ನ ಹಿಂದೆ ಇದ್ದ ಕಟ್ಟಡ ಇವತ್ತಿಗೂ ಇದೆ. ಪಾಠ ಮಾಡಿದ್ದನ್ನು ಒಮ್ಮೆ ಕಣ್ಣಾರೆ ನೋಡಬೇಕು ಅಂತ ಆಸೆ, ಅಷ್ಟೇ.

ಮೊದಲ ದಿನ, ಗುರುವಾರ

ಬೆಳಿಗ್ಗೆ ನೇಪರ್‌ವಿಲ್ ಸ್ಟೇಷನ್ನಿನಲ್ಲಿ ರೈಲು ಹತ್ತಿದೆವು. ರೈಲಿನ ಹೆಸರೇ ಕಾರ್ಲ್ ಸ್ಯಾಂಡ್‌ಬರ್ಗ್. ಗೇಲ್ಸ್‌ಬರ್ಗ್‌ನಲ್ಲಿ ಹುಟ್ಟಿದ ಕವಿ ಅವರು. ಕವಿಯ ಹೆಸರಿನ ರೈಲಿನಲ್ಲಿ ಕವಿಯ ಊರಿಗೆ ಹೋಗುವುದು ನನಗೆ ತುಂಬಾ ಹಿಡಿಸಿತು.

ಅಕ್ಟೋಬರ್ ಮೊದಲ ವಾರ. ಮೆಕ್ಕೆಜೋಳ ಒಣಗಿ ಕಂದುಬಣ್ಣಕ್ಕೆ ತಿರುಗಿತ್ತು. ಮನೆಯಷ್ಟು ದೊಡ್ಡ ಕಟಾವು ಯಂತ್ರಗಳು ಧೂಳೆಬ್ಬಿಸುತ್ತಾ ಓಡಾಡುತ್ತಿದ್ದವು. ಗುಡ್ಡವಿಲ್ಲ, ಕಾಡಿಲ್ಲ. ಮಲೆನಾಡಿನವಳಾದ ನನಗೆ ಇಷ್ಟೊಂದು ಬಯಲು ನೋಡಿದರೆ ಸ್ವಲ್ಪ ಕಸಿವಿಸಿಯೇ. ಎರಡು ಗಂಟೆ ಚಿಲ್ಲರೆಯಲ್ಲಿ ಊರು ಬಂತು.

ಸ್ಟೇಷನ್ ಪಕ್ಕದಲ್ಲೇ ರೈಲ್ವೆ ಮ್ಯೂಸಿಯಂ. ಅಲ್ಲಿ 3006 ನಂಬರಿನ ಉಗಿ ಎಂಜಿನ್ ನಿಂತಿದೆ. ಅದರ ದೊಡ್ಡ ಚಕ್ರದ ಪಕ್ಕ ನಿಂತರೆ ನನ್ನ ತಲೆ ಚಕ್ರದ ಅಂಚಿಗೂ ಮುಟ್ಟಲಿಲ್ಲ. 1854ರಲ್ಲಿ ಇಲ್ಲಿಗೆ ರೈಲು ಬಂತು. ಅಲ್ಲಿಂದ ಇದು ರೈಲ್ವೆ ಊರು. ಇವತ್ತಿಗೂ ಗೂಡ್ಸ್ ಗಾಡಿಗಳನ್ನು ಬಿಡಿಸಿ ಜೋಡಿಸುವ ದೊಡ್ಡ ಯಾರ್ಡ್ ಇದೆ.

ಊರು ಹುಟ್ಟಿದ ರೀತಿ ಮಾತ್ರ ರೈಲಿಗಿಂತ ಸ್ವಾರಸ್ಯ. ಜಾರ್ಜ್ ವಾಷಿಂಗ್ಟನ್ ಗೇಲ್ ಅಂತ ನ್ಯೂಯಾರ್ಕ್ ರಾಜ್ಯದ ಒಬ್ಬ ಪಾದ್ರಿ. ಬಡ ಹುಡುಗರು ಮೈಮುರಿದು ದುಡಿಯುತ್ತಲೇ ಓದುವಂಥ ಒಂದು ಕಾಲೇಜು ಕಟ್ಟಬೇಕು ಅಂತ ಅವರ ಕನಸು. ದುಡ್ಡಿಲ್ಲ. ಅದಕ್ಕೆ ಅವರು ಮಾಡಿದ ಉಪಾಯ ನೋಡಿ: ಜನರನ್ನು ಒಟ್ಟುಗೂಡಿಸಿ, ಎಕರೆಗೆ ಒಂದೂಕಾಲು ಡಾಲರ್‌ನಂತೆ ಸರ್ಕಾರದಿಂದ ಬಯಲು ಕೊಂಡು, ಬಂದು ನೆಲೆಸುವವರಿಗೆ ಐದು ಡಾಲರ್‌ನಂತೆ ಮಾರಿ, ಉಳಿದ ಹಣದಲ್ಲಿ ಕಾಲೇಜು. 1837ರಲ್ಲಿ ಕಾಲೇಜೂ ಊರೂ ಒಟ್ಟಿಗೆ ಶುರುವಾದವು. ಆ ಕಾಲೇಜೇ ಇಂದಿನ ನಾಕ್ಸ್ ಕಾಲೇಜು. ಜಮೀನಿನ ಪತ್ರದಲ್ಲೇ ಹೆಂಡ ಮಾರಬಾರದು ಅಂತ ಷರತ್ತು. ಬಂದವರಲ್ಲಿ ಹೆಚ್ಚಿನವರು ಗುಲಾಮಗಿರಿಗೆ ಕಡು ವಿರೋಧಿಗಳು. ಕಾಲೇಜಿಗಾಗಿ ಊರು ಕಟ್ಟಿದ್ದು ನಾನು ಇಲ್ಲೇ ಮೊದಲು ಕೇಳಿದ್ದು.

ಸೆಮಿನರಿ ರಸ್ತೆಗೆ ಡಾಂಬರಿಲ್ಲ, ಇಟ್ಟಿಗೆ ಹಾಸಿದ್ದಾರೆ. ಊರ ಪಕ್ಕದಲ್ಲೇ ಪ್ಯೂರಿಂಗ್ಟನ್ ಎಂಬ ಇಟ್ಟಿಗೆ ಕಾರ್ಖಾನೆ ಇತ್ತಂತೆ. ಬಗ್ಗಿ ನೋಡಿದರೆ ಅಲ್ಲೊಂದು ಇಲ್ಲೊಂದು ಇಟ್ಟಿಗೆಯ ಮೇಲೆ ಆ ಹೆಸರು ಅಚ್ಚಾಗಿದೆ. ನಮ್ಮ ಮನೆಯ ಮಂಗಳೂರು ಹೆಂಚು ನೆನಪಾಯಿತು. ಮಳೆಗಾಲಕ್ಕೆ ಮುಂಚೆ ಅಪ್ಪ ಹೆಂಚು ಕೈಯಾಡಿಸುವಾಗ ಕೆಳಗಿಳಿಸಿದ ಹೆಂಚಿನ ಮೇಲಿನ ಅಕ್ಷರ ಕೂಡಿಸಿ ಕೂಡಿಸಿಯೇ ನಾನು ಇಂಗ್ಲಿಷ್ ಓದಲು ಕಲಿತದ್ದು.

ಕೋರ್ಟಿನ ಹುಲ್ಲುಹಾಸಿನ ಮೇಲೆ ಒಂದು ಕಂಚಿನ ಪ್ರತಿಮೆ ಇದೆ. ಅಲ್ಲಿ ನಾವು ತುಂಬಾ ಹೊತ್ತು ನಿಂತೆವು. ಕುದುರೆ ಮೇಲೆ ಕೂತ ಸೇನಾಪತಿಯ ಪ್ರತಿಮೆ ಅಲ್ಲ ಅದು. ಮಂಡಿಯೂರಿ ಕೂತ ಒಬ್ಬ ಹೆಂಗಸು. ಗಾಯಗೊಂಡ ಸೈನಿಕನನ್ನು ಒಂದು ತೋಳಿನಲ್ಲಿ ಎತ್ತಿ ಒರಗಿಸಿಕೊಂಡು, ಇನ್ನೊಂದು ಕೈಯಿಂದ ಬಟ್ಟಲನ್ನು ಅವನ ತುಟಿಗೆ ಹಿಡಿದಿದ್ದಾರೆ. ಜ್ವರ ಬಂದ ಮಗುವಿಗೆ ಗಂಜಿ ಕುಡಿಸುವಾಗ ನಾವು ಹೇಗೆ ಹಿಡಿಯುತ್ತೇವೋ ಹಾಗೇ. ಥಿಯೊಡೊರಾ ಕಿಟ್ಸನ್ ಎಂಬ ಶಿಲ್ಪಿ ಮಾಡಿದ್ದು, 1906ರಲ್ಲಿ ನಿಲ್ಲಿಸಿದ್ದು. ಹೆಣ್ಣೇ ಮಾಡಿದ್ದು ಅಂತ ತಿಳಿದಾಗ ಆ ತೋಳಿನ ಹಿಡಿತ ಅಷ್ಟು ಸರಿಯಾಗಿ ಬಂದದ್ದು ಹೇಗೆ ಅಂತ ಅರ್ಥವಾಯಿತು.

ಆಕೆ ಮೇರಿ ಆನ್ ಬಿಕರ್‌ಡೈಕ್. 1861ರಲ್ಲಿ ವಯಸ್ಸು ನಲವತ್ತರ ಮೇಲೆ. ಎರಡು ವರ್ಷದ ಹಿಂದೆ ಗಂಡ ತೀರಿಹೋಗಿದ್ದರು. ಇಬ್ಬರು ಗಂಡುಮಕ್ಕಳು. ಗಿಡಮೂಲಿಕೆ ಔಷಧಿ ಕೊಟ್ಟು ಸಂಸಾರ ನಡೆಸುತ್ತಿದ್ದರು. ಒಂದು ಭಾನುವಾರ ಚರ್ಚಿನಲ್ಲಿ ಪಾದ್ರಿ ಎಡ್ವರ್ಡ್ ಬೀಚರ್ ಒಂದು ಕಾಗದ ಓದಿದರು. ಇದೇ ಊರಿನ ಡಾಕ್ಟರೊಬ್ಬರು ಇದೇ ರಾಜ್ಯದ ಕೈರೊ ಎಂಬ ಊರಿನ ಸೇನಾ ಶಿಬಿರದಿಂದ ಬರೆದದ್ದು. ಹುಡುಗರು ಗುಂಡು ತಗುಲಿ ಅಲ್ಲ, ಹೊಲಸಿನಲ್ಲಿ ಬಿದ್ದು ಭೇದಿಯಿಂದ, ವಿಷಮಶೀತ ಜ್ವರದಿಂದ ಸಾಯುತ್ತಿದ್ದಾರೆ ಅಂತ. ಊರವರು 500 ಡಾಲರ್‌ನಷ್ಟು ಸಾಮಾನು ಕೂಡಿಸಿದರು. ತಗೊಂಡು ಹೋಗುವವರು ಯಾರು? ಬಿಕರ್‌ಡೈಕ್ ಹೊರಟರು. ಕೊಟ್ಟು ವಾಪಸ್ ಬರಬೇಕಿತ್ತು. ಯುದ್ಧ ಮುಗಿಯುವವರೆಗೂ ಬರಲಿಲ್ಲ.

ಹೋದವರೇ ಮೊದಲು ಮಾಡಿಸಿದ್ದು ಸ್ನಾನ. ಕೊಳೆತ ಹುಲ್ಲಿನ ಹಾಸಿಗೆ ತೆಗೆಸಿದರು. ರಕ್ತ ಹತ್ತಿದ ಬಟ್ಟೆ ಎಸೆಯಬೇಡಿ ಅಂತ ದೊಡ್ಡ ಹಂಡೆಗಳಲ್ಲಿ ಕುದಿಸಿ ಒಗೆಸಿದರು. ಮೆಂಫಿಸ್‌ನಲ್ಲಿ ರೋಗಿಗಳಿಗೆ ಹಾಲು ಮೊಟ್ಟೆ ಸಾಲದೆ ಬಂದಾಗ ಉತ್ತರದಿಂದ ಹಸು ಕೋಳಿಗಳನ್ನೇ ತರಿಸಿದರು. ಹತ್ತೊಂಬತ್ತು ಯುದ್ಧಗಳಲ್ಲಿ ಗಾಯಾಳುಗಳ ಮಧ್ಯೆ ಇದ್ದರು. ಒಬ್ಬ ಡಾಕ್ಟರು "ಯಾರ ಅಪ್ಪಣೆ ಮೇಲೆ ಇದೆಲ್ಲ ಮಾಡ್ತಿದ್ದೀರಿ?" ಎಂದಾಗ, "ದೇವರ ಅಪ್ಪಣೆ. ಅದಕ್ಕಿಂತ ಮೇಲಿನದು ನಿಮ್ಮ ಹತ್ತಿರ ಇದೆಯಾ?" ಎಂದು ಕೇಳಿದರು ಅಂತ ಕಥೆ. ದೂರು ಜನರಲ್ ಶರ್ಮನ್ ತನಕ ಹೋಯಿತಂತೆ. "ಆಕೆ ನನಗಿಂತ ಮೇಲಿನ ಅಧಿಕಾರಿ, ನಾನೇನೂ ಮಾಡೋಕಾಗಲ್ಲ" ಎಂದರಂತೆ ಅವರು.

ಯುದ್ಧ ಮುಗಿದ ಮೇಲೆ ಮಾಜಿ ಸೈನಿಕರ ಪಿಂಚಣಿಗಾಗಿ ವರ್ಷಗಟ್ಟಲೆ ಓಡಾಡಿದರು. ಅವರಿಗೇ ಸರ್ಕಾರ ಪಿಂಚಣಿ ಕೊಟ್ಟದ್ದು 1886ರಲ್ಲಿ, ತಿಂಗಳಿಗೆ 25 ಡಾಲರ್. ಇಪ್ಪತ್ತೊಂದು ವರ್ಷ ತಡ! ಪಿಂಚಣಿ ಆಫೀಸಿಗೆ ಅಲೆದ ಹೆಣ್ಣುಮಕ್ಕಳಿಗೆ ಅದರ ನೋವು ಗೊತ್ತು.

ರಾತ್ರಿ ಹೋಟೆಲ್ ಕಿಟಕಿಯಿಂದ ಗೂಡ್ಸ್ ರೈಲಿನ ಸದ್ದು ಕೇಳುತ್ತಲೇ ಇತ್ತು. ನನಗೆ ಒಳ್ಳೆ ನಿದ್ದೆ ಬಂತು.

ಎರಡನೆಯ ದಿನ, ಶುಕ್ರವಾರ

ಬೆಳಿಗ್ಗೆ ತಿಂಡಿ ಮುಗಿಸಿ ನೇರ ನಾಕ್ಸ್ ಕಾಲೇಜಿಗೆ. ದೊಡ್ಡ ಮರಗಳ ಮಧ್ಯೆ ಕೆಂಪು ಇಟ್ಟಿಗೆಯ ಕಟ್ಟಡ, ಮೇಲೊಂದು ಗೋಪುರ. ಓಲ್ಡ್ ಮೇನ್ ಅಂತ ಹೆಸರು. 1857ರಲ್ಲಿ ಕಟ್ಟಿದ್ದು. ನಾನು ಮಕ್ಕಳಿಗೆ ಬೋರ್ಡಿನ ಮೇಲೆ ಎಷ್ಟೋ ಸಲ ಇದರ ಚಿತ್ರ ಬರೆದಿದ್ದೆ, ಪುಸ್ತಕದಲ್ಲಿ ನೋಡಿ. ಎದುರು ನಿಂತಾಗ ಮಾತೇ ಬರಲಿಲ್ಲ. ಮಗಳು ಸುಮ್ನೆ ನನ್ನ ಕೈ ಹಿಡಿದು ನಿಂತಳು.

1858ರ ಅಕ್ಟೋಬರ್ 7. ಅವತ್ತು ಕೊರೆಯುವ ಗಾಳಿ. ಬಯಲಲ್ಲಿ ನಿಂತು ಮಾತಾಡಲು ಆಗದು ಅಂತ ವೇದಿಕೆಯನ್ನು ಈ ಕಟ್ಟಡದ ಪೂರ್ವದ ಗೋಡೆಗೆ ತಾಗಿಸಿ ಹಾಕಿದರು. ಬಾಗಿಲು ಮುಚ್ಚಿಹೋಯಿತು. ಲಿಂಕನ್, ಡಗ್ಲಸ್ ಇಬ್ಬರೂ ಒಳಗಿಂದ ಬಂದು ಕಿಟಕಿ ದಾಟಿ ವೇದಿಕೆಗೆ ಇಳಿಯಬೇಕಾಯಿತು. "ಅಂತೂ ನಾನು ಕಾಲೇಜು ಮೂಲಕ ಹಾದು ಬಂದೆ" ಎಂದರಂತೆ ಲಿಂಕನ್. ಶಾಲೆಗೆ ಹೋದದ್ದೆಲ್ಲ ಕೂಡಿಸಿದರೂ ಒಂದು ವರ್ಷ ಆಗದ ಮನುಷ್ಯ ಹೇಳಿದ ಮಾತು ಅದು. ಎರಡು ವರ್ಷ ಆದ ಮೇಲೆ, 1860ರಲ್ಲಿ, ಇದೇ ಕಾಲೇಜು ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಆ ಕಿಟಕಿಯನ್ನು ನಾನು ಒಳಗಿನಿಂದಲೂ ನೋಡಿದೆ, ಹೊರಗಿನಿಂದಲೂ ನೋಡಿದೆ. ಅಷ್ಟು ಎತ್ತರದ ಆಳು ಎಷ್ಟು ಬಗ್ಗಿರಬೇಕು!

ಮೊದಲು ಮಾತಾಡಿದವರು ಡಗ್ಲಸ್, ಒಂದು ಗಂಟೆ. ಆಮೇಲೆ ಲಿಂಕನ್ ಒಂದೂವರೆ ಗಂಟೆ. ಮತ್ತೆ ಡಗ್ಲಸ್ ಅರ್ಧ ಗಂಟೆ. ಮೈಕಿಲ್ಲ, ಸಾವಿರಾರು ಜನ, ಮೂರು ಗಂಟೆ, ಆ ಚಳಿಯಲ್ಲಿ. ಹೇಗೆ ಕೇಳಿದರು ಅಂತ ಮಗಳು ಆಶ್ಚರ್ಯಪಟ್ಟಳು. ನನಗೆ ಹಾಗೆ ಅನ್ನಿಸಲಿಲ್ಲ. ನಮ್ಮ ಕಡೆ ತಾಳಮದ್ದಳೆಯಲ್ಲಿ ಕೃಷ್ಣನೂ ಕೌರವನೂ ರಾತ್ರಿಯೆಲ್ಲಾ ವಾದ ಮಾಡಿದರೂ ಜನ ಏಳುವುದಿಲ್ಲ ಅಲ್ವಾ? ಒಳ್ಳೆ ಅರ್ಥಧಾರಿಗಳು ಎದುರುಬದುರಾದರೆ ಮುಗಿಯುವುದೇ ಬೇಡ ಅನ್ನಿಸುತ್ತದೆ. ಇಲ್ಲಿ ಮಾತ್ರ ವಾದ ಪುರಾಣದ್ದಲ್ಲ. ಕಪ್ಪು ಜನ ಮನುಷ್ಯರೋ, ಆಸ್ತಿಯೋ ಎಂಬುದು.

ಬಾಗಿಲ ಪಕ್ಕದ ಗೋಡೆಯ ಮೇಲೆ ಎರಡು ಕಂಚಿನ ಫಲಕಗಳಿವೆ. ಒಂದರಲ್ಲಿ ಲಿಂಕನ್ ಅಂದು ಆಡಿದ ಮಾತು, ಇನ್ನೊಂದರಲ್ಲಿ ಡಗ್ಲಸ್ ಮಾತು. ಗುಲಾಮರು ಬೇಕೆನ್ನುವವರಿಗೆ ಅವರನ್ನು ಇಟ್ಟುಕೊಳ್ಳುವ ಹಕ್ಕಿದೆ ಎನ್ನುವವನು ನಮ್ಮ ಸುತ್ತಲಿನ ನೀತಿಯ ಬೆಳಕನ್ನು ಆರಿಸುತ್ತಿದ್ದಾನೆ, ಸುಮಾರಾಗಿ ಹೀಗೆ ಲಿಂಕನ್ ಮಾತಿನ ಅರ್ಥ. ನಾನು ಅದನ್ನು ಇಂಗ್ಲಿಷಿನಲ್ಲೇ ಪುಸ್ತಕಕ್ಕೆ ಬರೆದುಕೊಂಡೆ. ಅಕ್ಷರಗಳ ಮೇಲೆ ಬೆರಳಾಡಿಸಿದೆ. ತಣ್ಣಗಿತ್ತು.

ಈ ಫಲಕವನ್ನು ನನಗಿಂತ ಮೊದಲು ಒಬ್ಬ ಹುಡುಗ ಮತ್ತೆ ಮತ್ತೆ ಓದಿದ್ದ. ಎಂಟನೆಯ ಕ್ಲಾಸಿಗೇ ಶಾಲೆ ಬಿಟ್ಟವನು. ಹಾಲಿನ ಗಾಡಿಯಲ್ಲಿ ದುಡಿದವನು, ಕ್ಷೌರದಂಗಡಿಯಲ್ಲಿ ನೆಲ ಒರೆಸಿದವನು. ಹದಿಹರೆಯದಲ್ಲಿ ಈ ಆವರಣ ಹಾದು ಹೋಗುವಾಗೆಲ್ಲ, ಹಿಮ ಬೀಳಲಿ, ಬಿಸಿಲಿರಲಿ, ನಿಂತು ಈ ಸಾಲು ಓದುತ್ತಿದ್ದನಂತೆ. ಅವನೇ ಕಾರ್ಲ್ ಸ್ಯಾಂಡ್‌ಬರ್ಗ್.

ಮಧ್ಯಾಹ್ನ ಥರ್ಡ್ ಸ್ಟ್ರೀಟಿನಲ್ಲಿರುವ ಅವನ ಮನೆಗೆ ಹೋದೆವು. ರೈಲು ಹಳಿಯಿಂದ ಜಾಸ್ತಿ ದೂರವಿಲ್ಲ. ಬಿಳಿ ಬಣ್ಣದ ಪುಟ್ಟ ಮನೆ, ಮೂರೇ ಕೋಣೆ. ನಮ್ಮ ಮನೆಯ ಜಗಲಿಯೇ ಇದಕ್ಕಿಂತ ದೊಡ್ಡದು. 1878ರ ಜನವರಿ 6ರಂದು ಇಲ್ಲಿ, ಜೋಳದ ಸಿಪ್ಪೆ ತುಂಬಿದ ಹಾಸಿಗೆಯ ಮೇಲೆ, ಅವನು ಹುಟ್ಟಿದ. ಅಪ್ಪ ಅಮ್ಮ ಸ್ವೀಡನ್‌ನಿಂದ ಬಂದವರು. ಅಪ್ಪ ರೈಲ್ವೆಯ ಕಮ್ಮಾರಸಾಲೆಯಲ್ಲಿ ಸುತ್ತಿಗೆ ಬೀಸುವ ಸಹಾಯಕ, ದಿನಕ್ಕೆ ಹತ್ತು ಗಂಟೆ. ಮೊದಲು ಅವರ ಹೆಸರು ಆಗಸ್ಟ್ ಜಾನ್ಸನ್. ಅಲ್ಲಿ ಆ ಹೆಸರಿನವರು ಜಾಸ್ತಿ ಇದ್ದು ಸಂಬಳ ಅದಲುಬದಲಾಗುತ್ತಿತ್ತು ಅಂತ ಅಡ್ಡಹೆಸರನ್ನೇ ಬದಲಾಯಿಸಿಕೊಂಡರಂತೆ. 1892ರಲ್ಲಿ ಗಂಟಲಮಾರಿ ಬಂದು ಕಾರ್ಲ್‌ನ ಇಬ್ಬರು ತಮ್ಮಂದಿರು ಒಂದೇ ದಿನ ತೀರಿಕೊಂಡರು. ಆ ಸಾಲು ಓದುವಾಗ ನಾನು ಕೂತುಬಿಟ್ಟೆ. ನನ್ನ ಅಜ್ಜಿಯೂ ಹಾಗೆ ಮಕ್ಕಳನ್ನು ಕಳೆದುಕೊಂಡವಳು.

ಆ ಹುಡುಗ ಮುಂದೆ ಷಿಕಾಗೊದಲ್ಲಿ ಪತ್ರಕರ್ತನಾದ, ಕೂಲಿಕಾರರ ಭಾಷೆಯಲ್ಲಿ ಕವಿತೆ ಬರೆದ. ಊರೂರು ತಿರುಗಿ ಜನಪದ ಹಾಡು ಸಂಗ್ರಹಿಸಿದ, ಗಿಟಾರ್ ಹಿಡಿದು ತಾನೇ ಹಾಡಿದ. ಆಮೇಲೆ ಲಿಂಕನ್ ಜೀವನ ಬರೆಯಲು ಕೂತ. 1926ರಲ್ಲಿ ಎರಡು ಸಂಪುಟ, 1939ರಲ್ಲಿ ಇನ್ನೂ ನಾಲ್ಕು. ಆ ನಾಲ್ಕಕ್ಕೆ 1940ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. ಲಿಂಕನ್ ಹುಟ್ಟಿ 150 ವರ್ಷವಾದಾಗ, 1959ರಲ್ಲಿ, ಅಮೆರಿಕದ ಸಂಸತ್ತಿನ ಎರಡೂ ಸದನಗಳ ಮುಂದೆ ಮಾತಾಡಲು ಕರೆದದ್ದು ಈ ಕಮ್ಮಾರಸಾಲೆ ಕೂಲಿಯ ಮಗನನ್ನು. ಗೋಡೆಯ ಮೇಲಿನ ಒಂದು ಸಾಲು ಆರು ಸಂಪುಟವಾಗಿ ಬೆಳೆಯಿತು ಅಂತಲೇ ನನ್ನ ನಂಬಿಕೆ. ಶಾಲೆಯ ಗೋಡೆಗೆ ಸುಭಾಷಿತ ಬರೆಸುವಾಗ ಯಾರು ಓದುತ್ತಾರೆ ಬಿಡಿ ಅನ್ನುತ್ತಿದ್ದ ಸಹೋದ್ಯೋಗಿಗಳಿಗೆ ಈ ಕಥೆ ಹೇಳಬೇಕು.

ಮನೆಯ ಹಿಂದೆ ತೋಟದಲ್ಲಿ ಒಂದು ಕೆಂಪು ಕಲ್ಲುಬಂಡೆ ಇದೆ. 1967ರಲ್ಲಿ ಅವರು ತೀರಿಕೊಂಡ ಮೇಲೆ ಚಿತಾಭಸ್ಮವನ್ನು ತಂದು ಇದರಡಿ ಇಟ್ಟರು. ಆಮೇಲೆ ಹೆಂಡತಿಯದನ್ನೂ. ದೊಡ್ಡ ಸಮಾಧಿ ಇಲ್ಲ. ಹುಟ್ಟಿದ ಕೋಣೆಯಿಂದ ಸಮಾಧಿಗೆ ಕೆಲವೇ ಹೆಜ್ಜೆ. ನಾವು ಚಪ್ಪಲಿ ಬಿಟ್ಟು ಹತ್ತಿರ ಹೋದೆವು. ಅಲ್ಲಿ ಹಾಗೆ ಪದ್ಧತಿ ಇಲ್ಲ, ಆದರೆ ಕಾಲು ತಾನೇ ಚಪ್ಪಲಿ ಬಿಟ್ಟಿತು.

ಈ ಊರಿನ ಇನ್ನೊಬ್ಬ ಹೆಣ್ಣುಮಗಳ ಕಥೆಯನ್ನೂ ಹೇಳಬೇಕು. ಸೂಸನ್ ರಿಚರ್ಡ್‌ಸನ್. ಊರವರು ಕರೆಯುತ್ತಿದ್ದದ್ದು ಆಂಟ್ ಸುಕಿ ಅಂತ. ನಮ್ಮಲ್ಲಿ ಅಕ್ಕ, ಅತ್ತೆ ಅನ್ನುವ ಹಾಗೆ. ಇಲಿನಾಯ್‌ನ ದಕ್ಷಿಣದಲ್ಲಿ ಜೀತಕ್ಕಿದ್ದ ಕಪ್ಪು ಹೆಣ್ಣುಮಗಳು. 1842ರಲ್ಲಿ ಮಕ್ಕಳನ್ನು ಕಟ್ಟಿಕೊಂಡು ತಪ್ಪಿಸಿಕೊಂಡು ಈ ಕಡೆ ಬಂದರು. ಪಕ್ಕದ ಊರಲ್ಲಿ ಹಿಡಿದು ಜೈಲಿಗೆ ಹಾಕಿದರು. ಒಡೆಯ ಬಂದು ಮಕ್ಕಳನ್ನು ಎಳೆದುಕೊಂಡು ಹೋದ. ಆಕೆ ಗೇಲ್ಸ್‌ಬರ್ಗ್‌ನಲ್ಲಿ ಉಳಿದರು, ಬಟ್ಟೆ ಒಗೆದು ಬದುಕಿದರು, ಇಲ್ಲಿನ ಕಪ್ಪು ಜನರ ಚರ್ಚ್ ಕಟ್ಟುವುದರಲ್ಲಿ ಮುಂದೆ ನಿಂತರು. ಓಡಿಬಂದ ಗುಲಾಮರನ್ನು ಈ ಊರು ಮನೆಗಳಲ್ಲಿ ಬಚ್ಚಿಟ್ಟು ಮುಂದಕ್ಕೆ ಸಾಗಿಸುತ್ತಿತ್ತು ಅಂತ ಎಲ್ಲರೂ ಹೆಮ್ಮೆಯಿಂದ ಹೇಳುತ್ತಾರೆ. ಹೆಮ್ಮೆ ನ್ಯಾಯವಾದದ್ದೇ. ಆದರೂ ನನಗೆ ರಾತ್ರಿಯೆಲ್ಲಾ ಆ ಮಕ್ಕಳದೇ ಯೋಚನೆ.

1850ರ ದಶಕದಲ್ಲಿ ನಾಕ್ಸ್‌ನಲ್ಲಿ ಓದಿದ ಹೈರಮ್ ರೆವೆಲ್ಸ್ 1870ರಲ್ಲಿ ಅಮೆರಿಕದ ಸೆನೆಟ್‌ಗೆ ಹೋದ ಮೊದಲ ಕಪ್ಪು ಮನುಷ್ಯ. ಅದೂ ಮಿಸಿಸಿಪಿ ರಾಜ್ಯದಿಂದ. ಹಾಸಿಗೆಯಲ್ಲಿ ಮಲಗಿ ಮಗಳಿಗೆ ಹೇಳಿದೆ. ಅವಳು ಎದ್ದು ಕೂತು, "ಆಮೇಲೆ?" ಎಂದಳು. ಚಿಕ್ಕವಳಿದ್ದಾಗ ಹೀಗೇ ಕೇಳುತ್ತಿದ್ದಳು.

ಮೂರನೆಯ ದಿನ, ಶನಿವಾರ

ಬೆಳಿಗ್ಗೆ ಮಳೆ ಹನಿಯುತ್ತಿತ್ತು. ಲಿನ್‌ವುಡ್ ಸ್ಮಶಾನಕ್ಕೆ ಹೋಗಿ ಬಿಕರ್‌ಡೈಕ್ ಸಮಾಧಿಗೆ ಕೈಮುಗಿದು ಬಂದೆವು. ಕಾನ್ಸಸ್‌ನಲ್ಲಿ ತೀರಿಕೊಂಡರೂ ಅವರನ್ನು ಇಲ್ಲಿಗೇ ತಂದರು, ಗಂಡನ ಪಕ್ಕಕ್ಕೆ.

ಕಾಫಿ ಕುಡಿಯುತ್ತಾ ಡೊರೊಥಿಯಾ ಟ್ಯಾನಿಂಗ್ ಬಗ್ಗೆ ಮಾತು ಬಂತು. 1910ರಲ್ಲಿ ಇಲ್ಲಿ ಹುಟ್ಟಿದ ಚಿತ್ರ ಕಲಾವಿದೆ, ಅವರೂ ಸ್ವೀಡನ್ ಮೂಲದವರ ಮಗಳು. ಹುಡುಗಿಯಾಗಿದ್ದಾಗ ಊರಿನ ಲೈಬ್ರರಿಯಲ್ಲಿ ಕೆಲಸ ಮಾಡುತ್ತಾ ಪುಸ್ತಕಗಳಲ್ಲಿ ಮುಳುಗಿರುತ್ತಿದ್ದರಂತೆ. ಮುಂದೆ ನ್ಯೂಯಾರ್ಕ್, ಪ್ಯಾರಿಸ್ ಅಂತ ಬೆಳೆದು, 101 ವರ್ಷ ಬದುಕಿದರು. ಆ ಲೈಬ್ರರಿ ಕಟ್ಟಡ 1958ರಲ್ಲಿ ಸುಟ್ಟುಹೋಯಿತು.

ಕಾಫಿ ಕೊಟ್ಟ ಹೆಂಗಸು ನಮ್ಮ ಮಾತು ಕೇಳಿ ಹತ್ತಿರ ಬಂದರು. ಎಲ್ಲಿಯವರು, ಯಾಕೆ ಬಂದಿರಿ ಅಂತ ವಿಚಾರಿಸಿದರು. ಅವರ ಅಮ್ಮ ಇಲ್ಲಿನ ಮೇಟ್ಯಾಗ್ ಫ್ರಿಜ್ ಕಾರ್ಖಾನೆಯಲ್ಲಿದ್ದವರು. 2004ರಲ್ಲಿ ಕಾರ್ಖಾನೆ ಮುಚ್ಚಿತು, ಕೆಲಸ ಮೆಕ್ಸಿಕೊದ ರೆನೋಸಾಕ್ಕೆ ಹೋಯಿತು. ಸುಮಾರು 1,600 ಜನರ ಕೆಲಸ. ಅದೇ ವರ್ಷ ಬಾಸ್ಟನ್‌ನಲ್ಲಿ ಒಬಾಮ ಇಡೀ ದೇಶಕ್ಕೆ ಮೊದಲ ಸಲ ಪರಿಚಯವಾದ ಭಾಷಣದಲ್ಲಿ ಗೇಲ್ಸ್‌ಬರ್ಗ್‌ನ ಈ ಕಾರ್ಮಿಕರ ಹೆಸರೆತ್ತಿದರು. "ಅಮ್ಮ ಆ ಕೆಲಸ ಬಿಟ್ಟರೆ ಬೇರೆ ಮಾಡಿದವಳೇ ಅಲ್ಲ" ಎಂದರು ಆಕೆ. ಇಂಥ ದೊಡ್ಡ ಹೆಸರುಗಳ ಊರಿನಲ್ಲಿ ಅವರ ಅಮ್ಮನ ಕಥೆಯೂ ಇತಿಹಾಸವೇ. ನಾನು ಪಾಠ ಮಾಡುವಾಗ ಅದಕ್ಕೆ ಜಾಗ ಕೊಟ್ಟಿರಲಿಲ್ಲ.

ಮಧ್ಯಾಹ್ನ ಮಳೆ ನಿಂತಿತು. ಮಗಳಿಗೆ ಒಂದು ವಿಷಯ ಹೇಳದೆ ಇಟ್ಟುಕೊಂಡಿದ್ದೆ. ಸಾಗರದ ಮಾರಿಜಾತ್ರೆ ಅಂದರೆ ಅವಳಿಗೆ ಜೈಂಟ್ ವೀಲ್. ಮೂರು ವರ್ಷ ಕಾದು, ಮೊದಲ ದಿನವೇ ಅಪ್ಪನ ಕೈ ಎಳೆದುಕೊಂಡು ಹೋಗುತ್ತಿದ್ದಳು. "ಅದನ್ನು ಮಾಡಿದವನು ಹುಟ್ಟಿದ್ದು ಈ ಊರಲ್ಲಿ ಕಣೇ" ಎಂದೆ. ನಂಬಲೇ ಇಲ್ಲ.

ಜಾರ್ಜ್ ವಾಷಿಂಗ್ಟನ್ ಗೇಲ್ ಫೆರಿಸ್. ಊರು ಕಟ್ಟಿದ ಪಾದ್ರಿಯ ಹೆಸರನ್ನೇ ಇಟ್ಟಿದ್ದಾರೆ. ಫೆರಿಸ್ ಮನೆತನವೂ ಊರು ಕಟ್ಟಿದವರಲ್ಲಿ ಒಂದು. 1859ರಲ್ಲಿ ಹುಟ್ಟಿದ ಹುಡುಗ ಐದು ವರ್ಷಕ್ಕೇ ಮನೆಯವರ ಜೊತೆ ನೆವಾಡಕ್ಕೆ ಹೋದ. ಎಂಜಿನಿಯರ್ ಆದ. 1893ರ ಷಿಕಾಗೊ ವಿಶ್ವ ಮೇಳಕ್ಕೆ ಪ್ಯಾರಿಸ್ಸಿನ ಐಫೆಲ್ ಗೋಪುರವನ್ನು ಮೀರಿಸುವಂಥದ್ದು ಬೇಕು ಎಂದಾಗ ಅವನು ಚಕ್ರ ತಂದ. 264 ಅಡಿ ಎತ್ತರ. 36 ತೊಟ್ಟಿಲು. ತೊಟ್ಟಿಲು ಅಂದರೆ ನಮ್ಮ ಜಾತ್ರೆಯದಲ್ಲ, ಒಂದೊಂದರಲ್ಲಿ 60 ಜನ ಹಿಡಿಸುವ ಬೋಗಿ. ಟಿಕೆಟ್ 50 ಸೆಂಟ್. ಅದೇ ಮೇಳದ ಅಂಗವಾಗಿ ಸೆಪ್ಟೆಂಬರ್‌ನಲ್ಲಿ ಸರ್ವಧರ್ಮ ಸಮ್ಮೇಳನ ನಡೆಯಿತು. ಹಿಂದಿನ ವರ್ಷ ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ್ ಅವರ ಅತಿಥಿಯಾಗಿದ್ದ ವಿವೇಕಾನಂದರು ಮಾತಾಡಿದ್ದು ಅಲ್ಲೇ.

ಫೆರಿಸ್ ಬಾಳು ಮಾತ್ರ ಮೇಲೇರಲಿಲ್ಲ. ಲಾಭದ ಹಣಕ್ಕಾಗಿ ಕೋರ್ಟು ಕಚೇರಿ ಅಂತ ನವೆದು, 1896ರಲ್ಲಿ ವಿಷಮಶೀತ ಜ್ವರದಿಂದ ತೀರಿಕೊಂಡ. ವಯಸ್ಸು ಮೂವತ್ತೇಳು. ಚಕ್ರವನ್ನು 1906ರಲ್ಲಿ ಡೈನಮೈಟ್ ಇಟ್ಟು ಕೆಡವಿದರು. ಜಗತ್ತಿನ ಎಲ್ಲ ಜಾತ್ರೆಗಳಲ್ಲೂ ಅವನ ಚಕ್ರ ತಿರುಗುತ್ತಿದೆ. ಮಗಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಮುಂದಿನ ಜಾತ್ರೆಗೆ ನಾನು ಊರಿಗೆ ಬರ್ತೀನಿ ಅಮ್ಮ" ಎಂದಳು.

ಸಂಜೆ ರೈಲು ಹತ್ತಿದ ಮೇಲೆ ನಾನು ನೋಟ್ ಪುಸ್ತಕ ತೆಗೆದೆ. ಫಲಕದ ಸಾಲನ್ನು ಕನ್ನಡಕ್ಕೆ ತರಬೇಕಿತ್ತು. ನನ್ನ ಹಳೆಯ ಶಾಲೆಗೆ ಬರೆದು ಕಳಿಸಬೇಕು ಅಂತ ಆಸೆ. 'ನೀತಿಯ ಬೆಳಕು' ಅಂತ ಬರೆದೆ. ಹೊಡೆದುಹಾಕಿ 'ಧರ್ಮದ ದೀಪ' ಅಂತ ಬರೆದೆ. "ಧರ್ಮ ಅಂದ್ರೆ ಮಕ್ಕಳು ಬೇರೆ ಏನೋ ತಿಳ್ಕೋತಾರೆ" ಎಂದಳು ಮಗಳು. ಸರಿ, 'ನೀತಿಯ ದೀಪ'. ದೀಪವೇ ಇರಲಿ, ಮಕ್ಕಳಿಗೆ ಕಣ್ಣಿಗೆ ಕಟ್ಟುತ್ತದೆ. ಆಮೇಲೆ 'ಆರಿಸುತ್ತಿದ್ದಾನೆ'. ಅಲ್ಲಿ ಪೆನ್ನು ನಿಂತಿತು.

ನಮ್ಮ ಮನೆಯಲ್ಲಿ ದೀಪ ಆರಿಸು ಅನ್ನುತ್ತಿರಲಿಲ್ಲ. ದೀಪ ದೊಡ್ಡದು ಮಾಡು ಅನ್ನುತ್ತಿದ್ದರು. ಹೂವಿನ ಎಸಳಿನಿಂದ ಮೆಲ್ಲಗೆ ಒತ್ತಬೇಕು. ಬಾಯಿಂದ ಊದಿದರೆ ಅಜ್ಜಿ ಕೈ ಮೇಲೆ ಒಂದು ಬಿಡುತ್ತಿದ್ದಳು. ಮತ್ತೆ ಇಂಗ್ಲಿಷ್ ಸಾಲು ನೋಡಿದೆ. ಲಿಂಕನ್ ಹೇಳಿದ್ದೂ ಬರೀ ಆರಿಸುವುದಲ್ಲ, ಊದುವುದನ್ನೇ.

"ಅಮ್ಮಾ, ಪ್ರಿನ್ಸ್‌ಟನ್ ಬಂತು" ಎಂದಳು ಮಗಳು. ಕಿಟಕಿಯಾಚೆ ಕತ್ತಲು. ಹೊಲದಲ್ಲಿ ಕಟಾವು ಯಂತ್ರದ ಎರಡು ದೀಪ ಮೆಲ್ಲಗೆ ಸರಿಯುತ್ತಿದ್ದವು. ನಾನು 'ಊದಿ ಆರಿಸುತ್ತಿದ್ದಾನೆ' ಅಂತ ಬರೆದೆ.